ಆಳಂದ, ಅಫಜಲಪುರ ಮತ್ತು ಜೇವರ್ಗಿ ಪ್ರದೇಶದ ಇತಿಹಾಸ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಕರ್ನಾಟಕದ ಕಲಬುರಗಿ ಜಿಲ್ಲೆಯ ಪಶ್ಚಿಮ ಹಾಗೂ ನೈಋತ್ಯ ಭಾಗದಲ್ಲಿರುವ ಮೂರು ತಾಲ್ಲೂಕು ಕೇಂದ್ರಗಳು. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಜೇವರ್ಗಿ ತಾಲ್ಲೂಕು ಭೀಮಾ ನದಿಯ ದಕ್ಷಿಣಕ್ಕೆ ಹರಡಿಕೊಂಡಿದೆ. ಅಭಿವೃದ್ಧಿ ಕುರಿತ ಸರ್ಕಾರಿ ವರದಿಗಳಲ್ಲಿ ಈ ಮೂರು ತಾಲ್ಲೂಕುಗಳ ಹೆಸರು ಹಿಂದುಳಿದ ಪ್ರದೇಶಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಶರಣ ಚಳವಳಿ, ದತ್ತ ಸಂಪ್ರದಾಯ, ಮರಾಠಿ ಭಕ್ತಿ ಸಾಹಿತ್ಯ ಮತ್ತು ದಖ್ಖನಿನ ಸೂಫಿ ಪರಂಪರೆ ಇವೆಲ್ಲವುಗಳ ಇತಿಹಾಸದಲ್ಲಿಯೂ ಈ ಪ್ರದೇಶಕ್ಕೆ ಸ್ಥಾನವಿದೆ. ಮಹಾರಾಷ್ಟ್ರದಲ್ಲಿ ಇಂದಿಗೂ ನಿತ್ಯ ಪಾರಾಯಣಗೊಳ್ಳುವ ಗುರುಚರಿತ್ರೆಯ ಕರ್ತೃ ಆಳಂದ ತಾಲ್ಲೂಕಿನ ಕನ್ನಡಿಗ ಮನೆತನದವನು ಎಂಬುದು ಇದಕ್ಕೆ ಒಂದು ನಿದರ್ಶನ.

ಭೌಗೋಳಿಕ ಹಿನ್ನೆಲೆ

ಆಳಂದ ಪಟ್ಟಣವು ಕಲಬುರಗಿಯ ವಾಯವ್ಯಕ್ಕೆ ಹಾಗೂ ಜೇವರ್ಗಿಯು ದಕ್ಷಿಣಕ್ಕೆ, ಎರಡೂ ಸುಮಾರು 40 ಕಿ.ಮೀ. ದೂರದಲ್ಲಿವೆ. ಅಫಜಲಪುರವು ಜಿಲ್ಲಾ ಕೇಂದ್ರದ ಪಶ್ಚಿಮಕ್ಕಿದೆ. ಆಳಂದ ತಾಲ್ಲೂಕಿನ ಉತ್ತರಕ್ಕೆ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕು, ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ ಮತ್ತು ಅಕ್ಕಲಕೋಟ ತಾಲ್ಲೂಕುಗಳಿವೆ.

ಪ್ರದೇಶದ ಮುಖ್ಯ ನದಿ ಭೀಮಾ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯ ಬಳಿ ಕೃಷ್ಣೆಯನ್ನು ಸೇರುವ ಈ ನದಿಯು ಅಫಜಲಪುರ ತಾಲ್ಲೂಕಿನ ದಕ್ಷಿಣದ ಎಲ್ಲೆಯಾಗಿದ್ದು, ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳನ್ನು ಬೇರ್ಪಡಿಸುತ್ತದೆ. ಮುಂದೆ ಹರಿಯುತ್ತ ಅದು ಜೇವರ್ಗಿ ಮತ್ತು ಕಲಬುರಗಿ ತಾಲ್ಲೂಕುಗಳ ನಡುವೆ ಸಾಗುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿಯ ಸೇತುವೆಯ ಮೂಲಕ ನದಿಯನ್ನು ದಾಟುತ್ತಾರೆ. ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಈ ಸಂಗಮವೇ ಪ್ರದೇಶದ ಅತ್ಯಂತ ಪ್ರಸಿದ್ಧ ತೀರ್ಥಸ್ಥಳ.

ಮಣ್ಣು ಬಹುಮಟ್ಟಿಗೆ ಕಪ್ಪು ಎರೆಭೂಮಿ. ತೊಗರಿ ಮತ್ತು ಹಿಂಗಾರಿನ ಬಿಳಿಜೋಳ ಪ್ರಮುಖ ಬೆಳೆಗಳು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನೀರಾವರಿ ಇರುವ ಕಡೆ, ವಿಶೇಷವಾಗಿ ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳಲ್ಲಿ, ಕಬ್ಬನ್ನೂ ಬೆಳೆಯಲಾಗುತ್ತದೆ.

ಚಾಲುಕ್ಯರ ಕಾಲ ಮತ್ತು ಏಕಾಂತದ ರಾಮಯ್ಯ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆಳಂದವು ‘ಆಳಂದೆ’ ಎಂಬ ಹೆಸರಿನಿಂದ ಉಲ್ಲೇಖಗೊಂಡಿದೆ. ಅದು ಆಳಂದೆ ಸಾಸಿರ ಎಂಬ ಆಡಳಿತ ವಿಭಾಗದ ಕೇಂದ್ರವಾಗಿತ್ತು. ಚಾಲುಕ್ಯರ ರಾಜಧಾನಿಯಾದ ಕಲ್ಯಾಣವು ಸಮೀಪದಲ್ಲಿಯೇ ಇದ್ದುದರಿಂದ ಆಳಂದೆಗೆ ರಾಜಕೀಯ ಮಹತ್ವವೂ ಇತ್ತು.

ಆಳಂದೆಯ ಹೆಸರನ್ನು ಕನ್ನಡ ನಾಡಿನ ಧಾರ್ಮಿಕ ಇತಿಹಾಸದಲ್ಲಿ ಉಳಿಸಿದ ವ್ಯಕ್ತಿ 12ನೆಯ ಶತಮಾನದ ಶಿವಶರಣ ಏಕಾಂತದ ರಾಮಯ್ಯ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 1200ರ ಕಾಲದ್ದೆಂದು ಗುರುತಿಸಲಾದ ದೀರ್ಘ ಶಾಸನವು ಇವನ ಜೀವನವೃತ್ತಾಂತವನ್ನು ನೀಡುತ್ತದೆ. ಅದರ ಪ್ರಕಾರ ಇವನು ಕುಂತಳ ನಾಡಿನ ಆಳಂದೆಯಲ್ಲಿ ಪುರುಷೋತ್ತಮ ಭಟ್ಟ ಎಂಬ ಶೈವ ಬ್ರಾಹ್ಮಣನ ಮಗನಾಗಿ ಹುಟ್ಟಿದನು. ಅಬ್ಬಲೂರಿನಲ್ಲಿ ಜೈನರೊಡನೆ ನಡೆದ ವಾದದಲ್ಲಿ ಪಣವೊಡ್ಡಿ, ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಏಳು ದಿನಗಳ ಬಳಿಕ ಮರಳಿ ಪಡೆದನೆಂದೂ, ಕೊನೆಗೆ ಕಳಚುರಿ ಅರಸ ಬಿಜ್ಜಳನು ಇವನಿಗೆ ಜಯಪತ್ರವನ್ನು ಕೊಟ್ಟನೆಂದೂ ಶಾಸನ ಹೇಳುತ್ತದೆ. ಈ ಪ್ರಸಂಗದ ಶಿಲ್ಪಗಳೂ ಅದೇ ದೇವಾಲಯದಲ್ಲಿವೆ. ಪವಾಡದ ಭಾಗವನ್ನು ಐತಿಹಾಸಿಕ ಘಟನೆಯೆಂದು ಪರಿಗಣಿಸಲಾಗದಿದ್ದರೂ, 12ನೆಯ ಶತಮಾನದಲ್ಲಿ ಶೈವ ಮತ್ತು ಜೈನ ಸಮುದಾಯಗಳ ನಡುವೆ ನಡೆದ ತೀವ್ರ ಸಂಘರ್ಷಕ್ಕೆ ಶಾಸನವು ಮುಖ್ಯ ಆಧಾರವಾಗಿದೆ. ಹರಿಹರ ಕವಿಯೂ ಇವನನ್ನು ಕುರಿತು ರಗಳೆಯನ್ನು ರಚಿಸಿದ್ದಾನೆ.

ಬಹಮನಿ ಕಾಲ ಮತ್ತು ಗಾಣಗಾಪುರ

1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ಬಹಮನಿ ರಾಜ್ಯಕ್ಕೆ ಕಲಬುರಗಿಯು ರಾಜಧಾನಿಯಾಯಿತು. 15ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಬೀದರಿಗೆ ವರ್ಗಾಯಿಸಲಾಯಿತು. ಅದಕ್ಕೂ ಮೊದಲು ಫಿರೋಜ್ ಷಾ ಬಹಮನಿಯು (ಆಳ್ವಿಕೆ 1397–1422) ಕಲಬುರಗಿಯ ದಕ್ಷಿಣಕ್ಕೆ, ಭೀಮಾ ದಂಡೆಯ ಮೇಲೆ, ಫಿರೋಜಾಬಾದ್ ಎಂಬ ಕೋಟೆಯುಳ್ಳ ಅರಮನೆ ನಗರವನ್ನು ಕಟ್ಟಿಸಿದನು. ಕಲಬುರಗಿ ತಾಲ್ಲೂಕಿಗೆ ಸೇರಿದ ಇದರ ಅವಶೇಷಗಳು ಜೇವರ್ಗಿಯ ಕಡೆಗೆ ಸಾಗುವ ದಾರಿಯ ಸಮೀಪದಲ್ಲಿವೆ. ಇತಿಹಾಸಕಾರರಾದ ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಈ ನಗರವನ್ನು ಕುರಿತು 1992ರಲ್ಲಿ ಒಂದು ಸ್ವತಂತ್ರ ಗ್ರಂಥವನ್ನೇ ಪ್ರಕಟಿಸಿದರು.

ಬಹಮನಿ ಅರಸರ ಕಾಲದಲ್ಲಿಯೇ ಗಾಣಗಾಪುರವು ದತ್ತ ಸಂಪ್ರದಾಯದ ಪ್ರಮುಖ ಕ್ಷೇತ್ರವಾಗಿ ಬೆಳೆಯಿತು. ವಿದರ್ಭದ ಕಾರಂಜದಲ್ಲಿ ಹುಟ್ಟಿದ ನೃಸಿಂಹ ಸರಸ್ವತಿ ಯತಿಗಳು ತಮ್ಮ ಜೀವನದ ಕೊನೆಯ ಭಾಗವನ್ನು ಇಲ್ಲಿ ಕಳೆದರು. ಭಕ್ತರು ಅವರನ್ನು ದತ್ತಾತ್ರೇಯನ ಅವತಾರವೆಂದು ನಂಬುತ್ತಾರೆ. ಅವರು ಗಾಣಗಾಪುರವನ್ನು ಬಿಟ್ಟು ಶ್ರೀಶೈಲದ ಕಡೆಗೆ ಹೊರಟಾಗ ತಮ್ಮ ಪಾದುಕೆಗಳನ್ನು ಇಲ್ಲಿ ಉಳಿಸಿದರೆಂಬುದು ಸಂಪ್ರದಾಯದ ನಂಬಿಕೆ. ‘ನಿರ್ಗುಣ ಪಾದುಕೆ’ ಎಂದು ಕರೆಯಲಾಗುವ ಇವುಗಳೇ ಮಠದಲ್ಲಿ ಪೂಜೆಗೊಳ್ಳುತ್ತವೆ. ಭೀಮಾ–ಅಮರ್ಜಾ ಸಂಗಮದಲ್ಲಿ ಸ್ನಾನ, ಔದುಂಬರ ವೃಕ್ಷದ ಪ್ರದಕ್ಷಿಣೆ ಮತ್ತು ಮಧ್ಯಾಹ್ನ ಊರಿನ ಮನೆಗಳಲ್ಲಿ ‘ಮಧುಕರಿ’ ಭಿಕ್ಷೆ ಬೇಡುವುದು ಇಲ್ಲಿಗೆ ಬರುವ ಯಾತ್ರಿಕರ ಆಚರಣೆಯ ಭಾಗವಾಗಿವೆ. ಸ್ಥಿತಿವಂತರೂ ಇಲ್ಲಿ ಕೈಯೊಡ್ಡಿ ಭಿಕ್ಷೆ ಸ್ವೀಕರಿಸುವುದು ಕ್ಷೇತ್ರದ ವಿಶೇಷ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಅಪಾರ ಸಂಖ್ಯೆಯ ಭಕ್ತರು ಬರುತ್ತಾರೆ.

ಕಡಗಂಚಿ ಮತ್ತು ಗುರುಚರಿತ್ರೆ

ನೃಸಿಂಹ ಸರಸ್ವತಿಗಳ ಜೀವನವನ್ನು ನಿರೂಪಿಸುವ ಗುರುಚರಿತ್ರೆಯು ಮರಾಠಿಯಲ್ಲಿ ಓವಿ ಛಂದಸ್ಸಿನಲ್ಲಿದೆ. ಇದರ ಕರ್ತೃ ಸರಸ್ವತಿ ಗಂಗಾಧರ. ಇವನು ಆಳಂದ ತಾಲ್ಲೂಕಿನ ಕಡಗಂಚಿ ಗ್ರಾಮದ ಸಾಯಂದೇವ ಎಂಬವನ ವಂಶಸ್ಥನು. ಸಾಯಂದೇವನು ಮುಸ್ಲಿಂ ಅಧಿಕಾರಿಯೊಬ್ಬನ ಸೇವೆಯಲ್ಲಿದ್ದು, ಗುರುವಿನ ನೇರ ಶಿಷ್ಯನಾಗಿದ್ದನೆಂದು ಗ್ರಂಥವೇ ತಿಳಿಸುತ್ತದೆ. ಸಾಯಂದೇವ, ನಾಗನಾಥ, ದೇವರಾವ, ಗಂಗಾಧರ, ಸರಸ್ವತಿ ಎಂಬುದು ಗ್ರಂಥದಲ್ಲಿ ಬರುವ ವಂಶಾವಳಿಯ ಕ್ರಮ.

ತನಗೆ ಮರಾಠಿ ಭಾಷೆ ಚೆನ್ನಾಗಿ ಬಾರದೆಂದು ಕವಿಯು ಗ್ರಂಥದಲ್ಲಿಯೇ ನಿವೇದಿಸಿಕೊಂಡಿದ್ದಾನೆ. ಗುರುಚರಿತ್ರೆಯ 41ನೆಯ ಅಧ್ಯಾಯದಲ್ಲಿ ಸಾಯಂದೇವನು ಗುರುವನ್ನು ಸ್ತುತಿಸುವ ಕನ್ನಡ ಪದಗಳೇ ಸೇರಿವೆ. ಮರಾಠಿ ಗ್ರಂಥದ ಮಧ್ಯೆ ಬರುವ ಈ ಹಾಡುಗಳು ದೇವನಾಗರಿ ಲಿಪಿಯಲ್ಲಿ ಮುದ್ರಣಗೊಳ್ಳುತ್ತವೆ. ಸಪ್ತಾಹ ಪಾರಾಯಣ ಮಾಡುವ ಮರಾಠಿ ಭಾಷಿಕರು, ಕನ್ನಡ ತಿಳಿಯದವರೂ ಸೇರಿದಂತೆ, ಅವನ್ನು ಹಾಗೆಯೇ ಪಠಿಸುತ್ತಾರೆ. ಕಡಗಂಚಿಯ ದತ್ತ ಮಂದಿರವು ಈ ಕಾರಣದಿಂದ ಗಾಣಗಾಪುರದ ಯಾತ್ರಿಕರಿಗೆ ಪವಿತ್ರ ಸ್ಥಳವಾಗಿದೆ.

ಬೀದರಿನ ಮುಸ್ಲಿಂ ಅರಸನೊಬ್ಬನು ವಾಸಿಯಾಗದ ಹುಣ್ಣಿನಿಂದ ನರಳಿ ಗಾಣಗಾಪುರಕ್ಕೆ ಬಂದು ಗುರುವಿನ ಕೃಪೆಯಿಂದ ಗುಣಮುಖನಾದ ಕಥೆಯೂ ಗುರುಚರಿತ್ರೆಯಲ್ಲಿದೆ. ಹಿಂದಿನ ಜನ್ಮದಲ್ಲಿ ಈ ಅರಸನು ಗುರುಸೇವೆ ಮಾಡಿದ ಅಗಸನಾಗಿದ್ದನೆಂದು ಗ್ರಂಥ ವಿವರಿಸುತ್ತದೆ. ಆ ಕಾಲದ ಹಿಂದೂ ಪ್ರಜೆಗಳು ಬಹಮನಿ ಅಧಿಕಾರವನ್ನು ತಮ್ಮ ಧಾರ್ಮಿಕ ಕಲ್ಪನೆಯೊಳಗೆ ಹೇಗೆ ಅರ್ಥೈಸಿಕೊಂಡರು ಎಂಬುದನ್ನು ತಿಳಿಯಲು ಈ ಕಥೆ ನೆರವಾಗುತ್ತದೆ.

ಕಡಗಂಚಿ ಇಂದು ಬೇರೊಂದು ಕಾರಣದಿಂದಲೂ ಪರಿಚಿತವಾಗಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವು ಕಲಬುರಗಿ–ಆಳಂದ ರಸ್ತೆಯಲ್ಲಿ, ಈ ಗ್ರಾಮದ ಬಳಿ ಇದೆ.

ಆಳಂದದ ದರ್ಗಾ ಮತ್ತು ರಾಘವ ಚೈತನ್ಯರು

ಆಳಂದ ಪಟ್ಟಣದಲ್ಲಿ ಸೂಫಿ ಸಂತ ಶೇಖ್ ಅಲಾಉದ್ದೀನ್ ಅನ್ಸಾರಿ ಅವರ ಸಮಾಧಿಯಿದೆ. ಜನರು ಇದನ್ನು ಲಾಡ್ಲೆ ಮಶಾಕ್ ದರ್ಗಾ ಎಂದು ಕರೆಯುತ್ತಾರೆ. ಇದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ.

ಮಹಾರಾಷ್ಟ್ರದ ಸಂತ ತುಕಾರಾಮರು (17ನೆಯ ಶತಮಾನ) ತಮ್ಮ ಗುರುಪರಂಪರೆಯನ್ನು ಹೇಳುವಾಗ ರಾಘವ ಚೈತನ್ಯ, ಕೇಶವ ಚೈತನ್ಯ ಮತ್ತು ಬಾಬಾಜಿ ಎಂಬ ಹೆಸರುಗಳನ್ನು ನೀಡಿದ್ದಾರೆ. ಸಂಪ್ರದಾಯದ ಪ್ರಕಾರ ಇವರಲ್ಲಿ ಮೊದಲಿಗರಾದ ರಾಘವ ಚೈತನ್ಯರ ಸಮಾಧಿ ಸ್ಥಳ ಆಳಂದ. ಹೀಗಾಗಿ ವಾರಕರಿ ಪಂಥದ ಅತ್ಯಂತ ಜನಪ್ರಿಯ ಕವಿಯ ಗುರುಮೂಲವನ್ನು ಹುಡುಕುವವರು ಆಳಂದವನ್ನು ತಲುಪುತ್ತಾರೆ. ಪುಣೆಯ ಬಳಿಯ, ಸಂತ ಜ್ಞಾನೇಶ್ವರರ ಸಮಾಧಿಯಿರುವ ಆಳಂದಿಯು ಇದಕ್ಕಿಂತ ಭಿನ್ನವಾದ ಊರು.

ಒಂದೇ ಆವರಣದಲ್ಲಿ ಎರಡು ಪರಂಪರೆಗಳ ಆರಾಧನಾ ಸ್ಥಳಗಳಿರುವುದು ಇತ್ತೀಚಿನ ವರ್ಷಗಳಲ್ಲಿ ವಿವಾದಕ್ಕೆ ಎಡೆಮಾಡಿದೆ. 2022ರ ಮಹಾಶಿವರಾತ್ರಿಯಂದು ಪಟ್ಟಣದಲ್ಲಿ ಉದ್ವಿಗ್ನ ಸ್ಥಿತಿ ಉಂಟಾಯಿತು. ಪ್ರಕರಣವು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, 2023ರ ಶಿವರಾತ್ರಿಯಂದು 15 ಮಂದಿಗೆ ಸೀಮಿತವಾಗಿ ಲಿಂಗಪೂಜೆಗೆ ಅವಕಾಶ ನೀಡಲಾಯಿತು. ಪೂಜೆಯು ಪೊಲೀಸ್ ಬಂದೋಬಸ್ತಿನಲ್ಲಿ ನಡೆಯಿತು.

ಜೇವರ್ಗಿಯ ಶರಣ ಪರಂಪರೆ

ವಚನ ಸಾಹಿತ್ಯವು 12ನೆಯ ಶತಮಾನದ ಬಳಿಕ ನಿಂತುಹೋಯಿತೆಂಬ ಭಾವನೆ ಸಾಮಾನ್ಯವಾಗಿದೆ. ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಈ ಪರಂಪರೆಯನ್ನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಮುಂದುವರಿಸಿದವರು. ಅವರು ತಮ್ಮ ಗುರು ಅಖಂಡೇಶ್ವರರ ಹೆಸರನ್ನೇ ಅಂಕಿತವಾಗಿ ಬಳಸಿದ್ದಾರೆ. ಅವರ 700ಕ್ಕೂ ಹೆಚ್ಚು ವಚನಗಳು ಲಭ್ಯವಿದ್ದು, ಬಸವೋತ್ತರ ಯುಗದ ವಚನಕಾರರಲ್ಲಿ ಅವರಿಗೆ ಪ್ರಮುಖ ಸ್ಥಾನವಿದೆ. ಷಟ್‌ಸ್ಥಲ ತತ್ತ್ವ ನಿರೂಪಣೆ ಮತ್ತು ಸರಳವಾದ ಭಾಷೆ ಅವರ ರಚನೆಗಳ ಲಕ್ಷಣಗಳು.

ಕಲಬುರಗಿ ನಗರದ ಶರಣಬಸವೇಶ್ವರ ದೇವಾಲಯದ ಮೂಲಪುರುಷರಾದ ಶರಣಬಸವೇಶ್ವರರು (1746–1822) ಅವಿಭಜಿತ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿದರು. ಅವರು ಒಕ್ಕಲುತನ ಮಾಡುತ್ತಿದ್ದಾಗ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ. ಬಂದವರಿಗೆಲ್ಲ ಅನ್ನವಿಕ್ಕುವ ದಾಸೋಹವೇ ಅವರ ಸಾಧನೆಯ ಮುಖ್ಯ ಮಾರ್ಗವಾಗಿತ್ತು. ಬರಗಾಲಕ್ಕೆ ಪದೇಪದೇ ತುತ್ತಾಗುವ ಸೀಮೆಯಲ್ಲಿ ಈ ಪರಂಪರೆಗೆ ವಿಶೇಷ ಅರ್ಥವಿದೆ.

ಹೈದರಾಬಾದ್ ಸಂಸ್ಥಾನದ ಆಡಳಿತ

ಬಹಮನಿಗಳ ನಂತರ ಬಿಜಾಪುರದ ಆದಿಲ್‌ಶಾಹಿ, ಬಳಿಕ ಮೊಘಲರ ಅಧೀನಕ್ಕೆ ಬಂದ ಈ ಪ್ರದೇಶವು 18ನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತು. ಆಳಂದವು ನಿಜಾಮನ ದರ್ಬಾರಿನ ಶ್ರೀಮಂತ ಮನೆತನವಾದ ಪಾಯಗಾಗಳ ಜಾಗೀರಿಗೆ ಸೇರಿದ ತಾಲ್ಲೂಕಾಗಿತ್ತು. ಇಲ್ಲಿ ಕಂದಾಯ ವಸೂಲಿಯ ಹಕ್ಕು ಜಾಗೀರುದಾರರದಾಗಿತ್ತು. ಇಂದಿನ ಜೇವರ್ಗಿ ತಾಲ್ಲೂಕು ಆಗ ‘ಅಂದೋಲ’ ಎಂಬ ಹೆಸರಿನಲ್ಲಿತ್ತು. ಅಂದೋಲ ಎಂಬುದು ಈಗ ಜೇವರ್ಗಿ ತಾಲ್ಲೂಕಿನ ಒಂದು ಗ್ರಾಮ.

ನಿಜಾಮರ ಕಾಲದಲ್ಲಿ ಭೀಮಾ ನದಿಯು ಅಫಜಲಪುರದ ಬಳಿ ಎರಡು ರಾಜ್ಯಗಳ ಗಡಿಯಾಗಿತ್ತು. ಉತ್ತರ ದಂಡೆಯ ಹಳ್ಳಿಗಳು ನಿಜಾಮನ ಆಳ್ವಿಕೆಗೆ ಸೇರಿದ್ದರೆ, ಎದುರು ದಂಡೆಯ ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದವು. ಪಶ್ಚಿಮದ ಅಕ್ಕಲಕೋಟ ಪ್ರತ್ಯೇಕ ದೇಶೀಯ ಸಂಸ್ಥಾನವಾಗಿತ್ತು. ನದಿ ದಾಟಿದರೆ ಆಡಳಿತದ ಭಾಷೆ, ಕಾಯಿದೆ ಮತ್ತು ನಾಣ್ಯಗಳು ಬದಲಾಗುತ್ತಿದ್ದವು. ಹೈದರಾಬಾದ್ ಸಂಸ್ಥಾನಕ್ಕೆ ‘ಹಾಲಿ ಸಿಕ್ಕಾ’ ಎಂಬ ಸ್ವಂತ ನಾಣ್ಯವಿದ್ದು, ಸುಮಾರು 7 ಹಾಲಿ ರೂಪಾಯಿಗಳು ಬ್ರಿಟಿಷ್ ಭಾರತದ 6 ರೂಪಾಯಿಗಳಿಗೆ ಸಮವಾಗಿದ್ದವು. ಸರ್ಕಾರಿ ದಾಖಲೆಗಳಲ್ಲಿ ಫಸಲಿ ವರ್ಷಗಣನೆ ಬಳಕೆಯಲ್ಲಿತ್ತು. ಸರಕು ಸಾಗಿಸುವವರು ಗಡಿಯಲ್ಲಿ ಸುಂಕ ತೆರಬೇಕಾಗಿತ್ತು. ಎರಡೂ ದಂಡೆಗಳ ಜನರ ಮಾತು ಮಾತ್ರ ಕನ್ನಡವೇ ಆಗಿತ್ತು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಸಂಸ್ಥಾನದ ಆಡಳಿತ ಭಾಷೆಯು ಪಾರ್ಸಿಯಿಂದ ಉರ್ದುವಿಗೆ ಬದಲಾಯಿತು. ಶಿಕ್ಷಣದಲ್ಲಿಯೂ ಉರ್ದುವಿಗೇ ಪ್ರಾಧಾನ್ಯ ದೊರೆಯಿತು. ಕನ್ನಡ ಮನೆಮಾತಿನ ಮಕ್ಕಳು ಹೆಚ್ಚಿನ ಓದನ್ನು ಮುಂದುವರಿಸಬೇಕಾದರೆ ಉರ್ದು ಕಲಿಯಬೇಕಾಗುತ್ತಿತ್ತು. ಕನ್ನಡ ಶಿಕ್ಷಣ ವಿಳಂಬವಾದುದಕ್ಕೆ ಮತ್ತು ಸಾಕ್ಷರತೆ ಕುಂಠಿತವಾದುದಕ್ಕೆ ಇದೂ ಒಂದು ಕಾರಣ. ಈ ಭಾಗದ ಆಡುಗನ್ನಡದಲ್ಲಿ ಉರ್ದು ಮತ್ತು ದಖನಿ ಪದಗಳು ಹೇರಳವಾಗಿರುವುದು ಆ ಕಾಲದ ಮತ್ತೊಂದು ಪರಿಣಾಮ. ಗಡಿಭಾಗದಲ್ಲಿ ಇವುಗಳ ಜೊತೆಗೆ ಮರಾಠಿಯ ಪ್ರಭಾವವೂ ಸೇರಿಕೊಂಡಿದೆ.

ವಿಲೀನ ಮತ್ತು ಗಡಿ ಪ್ರಶ್ನೆ

1947ರ ಆಗಸ್ಟ್ 15ರಂದು ನದಿಯಾಚೆಯ ಇಂಡಿ ಮತ್ತು ಸಿಂದಗಿ ಸ್ವತಂತ್ರ ಭಾರತದ ಭಾಗವಾದವು. ಈಚೆಯ ಅಫಜಲಪುರ, ಆಳಂದ ಮತ್ತು ಜೇವರ್ಗಿ ಸೀಮೆಗಳು ಇನ್ನೂ ಹದಿಮೂರು ತಿಂಗಳು ನಿಜಾಮನ ಆಳ್ವಿಕೆಯಲ್ಲಿಯೇ ಉಳಿದವು. ಈ ಅವಧಿಯಲ್ಲಿ ರಜಾಕಾರರ ಹಾವಳಿಯಿಂದ ಸಂಸ್ಥಾನದ ಅನೇಕ ಹಳ್ಳಿಗಳು ತೊಂದರೆಗೊಳಗಾದವು. ಸಂಸ್ಥಾನದ ಗಡಿಯಾಚೆಗೆ ಶಿಬಿರಗಳನ್ನು ಸ್ಥಾಪಿಸಿಕೊಂಡು ಹೋರಾಟಗಾರರು ವಿಮೋಚನಾ ಚಳವಳಿಯನ್ನು ನಡೆಸಿದರು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಭಾರತ ಸರ್ಕಾರದ ಸೈನಿಕ ಕಾರ್ಯಾಚರಣೆಯ ಫಲವಾಗಿ ಸೆಪ್ಟೆಂಬರ್ 17ರಂದು ನಿಜಾಮನು ಶರಣಾಗತಿಯನ್ನು ಘೋಷಿಸಿದನು. ಆ ದಿನವನ್ನು ಇಂದು ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸಲಾಗುತ್ತದೆ. ಜಾಗೀರು ಪದ್ಧತಿಯನ್ನು 1949ರಲ್ಲಿ ರದ್ದುಗೊಳಿಸಲಾಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದ್ ರಾಜ್ಯದ ಗುಲ್ಬರ್ಗಾ, ರಾಯಚೂರು ಮತ್ತು ಬೀದರ ಜಿಲ್ಲೆಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದವು. ಹೀಗೆ ಭೀಮೆಯ ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಬಂದವು. ಆದರೆ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಅಕ್ಕಲಕೋಟ ತಾಲ್ಲೂಕು ಮುಂಬಯಿ ರಾಜ್ಯದಲ್ಲಿ, ಮುಂದೆ ಮಹಾರಾಷ್ಟ್ರದಲ್ಲಿ ಉಳಿಯಿತು. ಇತ್ತ ಆಳಂದ ತಾಲ್ಲೂಕಿನ ಕೆಲವು ಗಡಿ ಗ್ರಾಮಗಳ ಮೇಲೆ ಮಹಾರಾಷ್ಟ್ರವು ಹಕ್ಕು ಮಂಡಿಸಿತು. ವಿವಾದದ ಪರಿಶೀಲನೆಗಾಗಿ 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು 1967ರಲ್ಲಿ ನೀಡಿದ ವರದಿಯಲ್ಲಿ ಅಕ್ಕಲಕೋಟವನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಮಹಾರಾಷ್ಟ್ರ ಒಪ್ಪದ ಕಾರಣ ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು.

ಆಡಳಿತ ಮತ್ತು ರಾಜಕೀಯ

ಮೂರೂ ಪಟ್ಟಣಗಳು ವಿಧಾನಸಭಾ ಕ್ಷೇತ್ರಗಳ ಕೇಂದ್ರಗಳಾಗಿವೆ. ಅಫಜಲಪುರ ಮತ್ತು ಜೇವರ್ಗಿ ಕ್ಷೇತ್ರಗಳು ಗುಲ್ಬರ್ಗಾ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಆಳಂದವು ಕಲಬುರಗಿ ಜಿಲ್ಲೆಯಲ್ಲಿದ್ದರೂ ಬೀದರ ಲೋಕಸಭಾ ಕ್ಷೇತ್ರದ ಭಾಗವಾಗಿದೆ. 2018ರಲ್ಲಿ ಜೇವರ್ಗಿ ತಾಲ್ಲೂಕನ್ನು ವಿಭಜಿಸಿ ಯಡ್ರಾಮಿ ತಾಲ್ಲೂಕನ್ನು ರಚಿಸಲಾಯಿತು.

2004ರ ಮೇ ತಿಂಗಳಿನಿಂದ 2006ರ ಫೆಬ್ರವರಿಯವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ (1936–2017) ಜೇವರ್ಗಿ ತಾಲ್ಲೂಕಿನ ನೆಲೋಗಿಯವರು. ಅವರು ಜೇವರ್ಗಿಯಿಂದ ಹಲವು ಬಾರಿ ವಿಧಾನಸಭೆಗೆ ಆಯ್ಕೆಯಾಗಿದ್ದರು. 1980ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದ ಅವರು, ನವದೆಹಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರೆದುರು ಸೋತಿದ್ದ ಕೇರಳದ ಸಿ. ಎಂ. ಸ್ಟೀಫನ್ ಅವರಿಗಾಗಿ ಸ್ಥಾನವನ್ನು ತೆರವು ಮಾಡಿದರು. ಉಪಚುನಾವಣೆಯಲ್ಲಿ ಗೆದ್ದ ಸ್ಟೀಫನ್ ಅವರು ಗುಲ್ಬರ್ಗಾದ ಪ್ರತಿನಿಧಿಯಾಗಿ ಕೇಂದ್ರ ಸಚಿವರಾಗಿದ್ದರು.

ಸಾರಿಗೆ

ಸೊಲ್ಲಾಪುರ–ಕಲಬುರಗಿ–ರಾಯಚೂರು ರೈಲು ಮಾರ್ಗವು 1871ರ ವೇಳೆಗೆ ಪೂರ್ಣಗೊಂಡಿತು. ಆದರೆ ಆಳಂದ, ಅಫಜಲಪುರ ಮತ್ತು ಜೇವರ್ಗಿ ಪಟ್ಟಣಗಳಲ್ಲಿ ಯಾವುದಕ್ಕೂ ಈ ಮಾರ್ಗದ ನಿಲ್ದಾಣ ದೊರೆಯಲಿಲ್ಲ. ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ‘ಗಾಣಗಾಪುರ ರೋಡ್’ ನಿಲ್ದಾಣದಲ್ಲಿ ಇಳಿದು ರಸ್ತೆಯ ಮೂಲಕ ಕ್ಷೇತ್ರವನ್ನು ತಲುಪುತ್ತಾರೆ.

ರಸ್ತೆ ಸಾರಿಗೆಯಲ್ಲಿ ಜೇವರ್ಗಿಗೆ ವಿಶಿಷ್ಟ ಸ್ಥಾನವಿದೆ. ಬೀದರ, ಕಲಬುರಗಿ ಮತ್ತು ವಿಜಯಪುರಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲಿ ಹಾದುಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 150ಎ ಜೇವರ್ಗಿಯಲ್ಲಿಯೇ ಆರಂಭವಾಗಿ ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು ಮತ್ತು ಮೈಸೂರು ಮೂಲಕ ರಾಜ್ಯದ ದಕ್ಷಿಣ ತುದಿಯ ಚಾಮರಾಜನಗರವನ್ನು ತಲುಪುತ್ತದೆ.

ನೀರು, ಕೃಷಿ ಮತ್ತು ಅಭಿವೃದ್ಧಿ

ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ಭೀಮಾ ನದಿಗೆ ಬ್ಯಾರೇಜ್ ನಿರ್ಮಿಸಲಾಗಿದೆ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ಅಣೆಕಟ್ಟು ಇದೆ. ಭೀಮೆಯ ನೀರಿನ ಹರಿವು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಉಜನಿ ಜಲಾಶಯವನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಬೇಸಿಗೆಯಲ್ಲಿ ನದಿ ಬತ್ತಿ ಕುಡಿಯುವ ನೀರಿಗೂ ಕೊರತೆಯಾಗುವುದುಂಟು. ಮೇಲ್ಭಾಗದಲ್ಲಿ ಭಾರಿ ಮಳೆಯಾದಾಗ ಅದೇ ನದಿಯು ಉಕ್ಕಿ ಹರಿಯುತ್ತದೆ. 2020ರ ಅಕ್ಟೋಬರ್ ತಿಂಗಳಿನ ಪ್ರವಾಹದಲ್ಲಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾಗಿ, ಜನರನ್ನು ಪರಿಹಾರ ಕೇಂದ್ರಗಳಿಗೆ ಸ್ಥಳಾಂತರಿಸಬೇಕಾಯಿತು.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದ’ ವರ್ಗದಲ್ಲಿ ಗುರುತಿಸಿತು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದಿತು. ಇದರಿಂದ ಈ ಭಾಗದವರಿಗೆ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗಗಳಲ್ಲಿ ಮೀಸಲಾತಿ ಹಾಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆತವು. 2019ರ ಸೆಪ್ಟೆಂಬರ್ 17ರಂದು ‘ಹೈದರಾಬಾದ್ ಕರ್ನಾಟಕ’ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಮರುನಾಮಕರಣ ಮಾಡಲಾಯಿತು.

ಆಚರಣೆಗಳು

ಎಳ್ಳಮಾವಾಸ್ಯೆಯು ಈ ಪ್ರದೇಶದ ರೈತರ ಪ್ರಮುಖ ಹಬ್ಬ. ಹಿಂಗಾರಿ ಬೆಳೆ ಹೊಲದಲ್ಲಿ ನಿಂತಿರುವ ಹೊತ್ತಿಗೆ ಬರುವ ಈ ಹಬ್ಬದಂದು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಪೂಜೆ ಸಲ್ಲಿಸಿ, ಬೆಳೆಯ ಮೇಲೆ ‘ಚರಗ’ ಚೆಲ್ಲುತ್ತವೆ. ಸಜ್ಜೆಯ ಕಡಬು, ಜೋಳದ ರೊಟ್ಟಿ ಮತ್ತು ಹಲವು ಬಗೆಯ ಕಾಳು–ಸೊಪ್ಪುಗಳಿಂದ ಮಾಡಿದ ಭಜ್ಜಿ ಅಂದಿನ ವಿಶೇಷ ಅಡುಗೆ. ಹೊಲವಿಲ್ಲದ ನೆರೆಹೊರೆಯವರನ್ನೂ ಬಂಧುಮಿತ್ರರನ್ನೂ ಊಟಕ್ಕೆ ಕರೆದೊಯ್ಯುವುದು ವಾಡಿಕೆ. ಭೀಮಾ ತೀರದ ಘತ್ತರಗಿಯ ಭಾಗ್ಯವಂತಿ ದೇವಿ ಮತ್ತು ಜೇವರ್ಗಿಯ ಮಹಾಲಕ್ಷ್ಮಿ ಜಾತ್ರೆಗಳು, ಆಳಂದದ ಲಾಡ್ಲೆ ಮಶಾಕ್ ಉರುಸು ಪ್ರದೇಶದ ಇತರ ಪ್ರಮುಖ ಉತ್ಸವಗಳಾಗಿವೆ.

ಇವನ್ನೂ ನೋಡಿ

- ಕಲಬುರಗಿ ಜಿಲ್ಲೆ
- ಗಾಣಗಾಪುರ
- ಏಕಾಂತದ ರಾಮಯ್ಯ
- ಷಣ್ಮುಖ ಶಿವಯೋಗಿ
- ಭೀಮಾ ನದಿ
- ಹೈದರಾಬಾದ್ ಸಂಸ್ಥಾನ
- ಕಲ್ಯಾಣ ಕರ್ನಾಟಕ